ರೂಲ್ ಬುಕ್ ಓದಿ ಕಟ್ಟಿದ ಇಂಜಿನ್

"ಎಷ್ಟು ಎಚ್‌ಪಿ ಬರುತ್ತೆ ಅಂಕಲ್?" ರೇಸಿಗೆಂದು ಇಂಜಿನ್ ಕಟ್ಟಿಸಲು ಬರುವ ಹುಡುಗರು ಮೊದಲು ಕೇಳುವುದು ಇದನ್ನೇ. ನಾನು ಕೇಳುವ ಪ್ರಶ್ನೆ ಬೇರೆ: "ಯಾವ ಕ್ಲಾಸಲ್ಲಿ ಓಡಿಸ್ತೀಯಪ್ಪ? ರೂಲ್ ಬುಕ್ ತಂದಿದ್ದೀಯಾ?" ತಂದಿದ್ದರೆ ಟೀ ಹೇಳಿ ಕೂರಿಸಿ ಮಾತಾಡುತ್ತೇನೆ. ತಂದಿಲ್ಲದಿದ್ದರೆ ತಂದಮೇಲೆ ಮಾತಾಡೋಣ ಎನ್ನುತ್ತೇನೆ. ಆ ಪುಸ್ತಕ ಓದದೆ ಕಟ್ಟಿದ ಇಂಜಿನ್ ಎಷ್ಟೇ ಜೋರಾಗಿ ಓಡಿದರೂ ಸಂಜೆ ಪರೀಕ್ಷಕರ ಮೇಜಿನ ಮುಂದೆ ಅದಕ್ಕೆ ಬೆಲೆಯಿಲ್ಲ.

ಜೆ.ಪಿ. ನಗರ ಮೂರನೇ ಹಂತದ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್‌ನಲ್ಲಿ ನನ್ನದೊಂದು ಬೋರಿಂಗ್ ಶಾಪ್ ಇದೆ. ಸಿಲಿಂಡರ್ ಬೋರ್ ಮಾಡುವುದು, ಹೋನಿಂಗ್, ಹೆಡ್ ಫೇಸಿಂಗ್, ವಾಲ್ವ್ ಸೀಟ್ ಕಟಿಂಗ್, ಇಷ್ಟು ಕೆಲಸ. ಹೊಟ್ಟೆಪಾಡು ನಡೆಯುವುದು ಟ್ಯಾಕ್ಸಿ, ಟೆಂಪೊ, ಶಾಲಾ ವ್ಯಾನುಗಳ ಇಂಜಿನ್‌ಗಳಿಂದ. ಅದರ ನಡುವೆಯೇ ಜಯನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಹವ್ಯಾಸಿಗಳು ಮಣ್ಣಿನ ಟ್ರ್ಯಾಕಿಗೆಂದು ಇಂಜಿನ್ ಹೊತ್ತು ತರುತ್ತಾರೆ. ಒಬ್ಬ ಬ್ಯಾಂಕಿನಲ್ಲಿದ್ದಾನೆ, ಒಬ್ಬ ಸಾಫ್ಟ್‌ವೇರಿನಲ್ಲಿ, ಇನ್ನೊಬ್ಬನದು ಹಾರ್ಡ್‌ವೇರ್ ಅಂಗಡಿ. ಯಾರ ಬೆನ್ನಿಗೂ ಪ್ರಾಯೋಜಕರಿಲ್ಲ. ಸಂಬಳದಲ್ಲಿ ಉಳಿಸಿದ ದುಡ್ಡು ಇವರದು.

ಇಂಥವರಿಗೆ ನಿಯಮ ಶತ್ರುವಲ್ಲ, ಆಸರೆ. ಇಂಜಿನ್ನಿನ ಮೇಲೆ ಮಿತಿ ಹಾಕಿದಾಗಲೇ ಸಾಮಾನ್ಯ ಮನೆಯ ಹುಡುಗನೋ ಹುಡುಗಿಯೋ ದೊಡ್ಡ ದುಡ್ಡಿನವರ ಪಕ್ಕದಲ್ಲಿ ನಿಂತು ಓಡಲು ಸಾಧ್ಯ. ಆ ಮಿತಿಯ ಒಳಗೆ ಗೆಲ್ಲಲು ಬೇಕಾಗುವುದು ನಿಖರವಾದ ಕೈಕೆಲಸ. ಇದನ್ನು ನಾನು ಮಷೀನಿನ ಮುಂದೆ ನಿಂತು ಕಲಿತಿದ್ದೇನೆ.

ಮಣ್ಣಿನ ಓಟ

ನೋಡದವರಿಗೆ ಒಂದು ಪರಿಚಯ. ನಮ್ಮಲ್ಲಿ ನಡೆಯುವ ಆಟೋಕ್ರಾಸ್ ಎಂದರೆ ಮೈದಾನದಲ್ಲಿ ಗುರುತು ಹಾಕಿದ ಮಣ್ಣಿನ ದಾರಿಯಲ್ಲಿ ಕಾರು ಓಡಿಸಿ, ಯಾರು ಕಡಿಮೆ ಸಮಯದಲ್ಲಿ ಸುತ್ತು ಮುಗಿಸಿದರು ಎಂದು ಲೆಕ್ಕ ಹಾಕುವ ಸ್ಪರ್ಧೆ. ಮೈಸೂರಿನ ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ನಡೆದಿದ್ದನ್ನು ಅನೇಕರು ನೋಡಿರಬಹುದು. ಚಿಕ್ಕಮಗಳೂರು, ಕೊಡಗು, ಮಂಗಳೂರು ಕಡೆಗಳಲ್ಲೂ ಇದರ ಹುಚ್ಚು ಹಿಡಿದವರಿದ್ದಾರೆ. ಇದರ ಅಣ್ಣ ರ‍್ಯಾಲಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತುಗಳೂ ನಡೆದಿವೆ.

ಅಮೆರಿಕದಲ್ಲಿ ಮಣ್ಣಿನ ಓಟಕ್ಕೆಂದೇ ಹುಟ್ಟಿದ ಗಾಡಿಯೊಂದಿದೆ, ಸ್ಪ್ರಿಂಟ್ ಕಾರ್. ಮೊಟ್ಟೆಯಾಕಾರದ ಪುಟ್ಟ ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತುವ ಈ ಕಾರಿಗೆ ಗೇರ್‌ಬಾಕ್ಸ್ ಇಲ್ಲ, ಸ್ಟಾರ್ಟರ್ ಮೋಟಾರೂ ಇಲ್ಲ. ಹಿಂದಿನಿಂದ ಇನ್ನೊಂದು ಗಾಡಿ ತಳ್ಳಿಯೇ ಚಾಲೂ ಮಾಡಬೇಕು. ಮೇಲಿನ ವರ್ಗದ ಸ್ಪ್ರಿಂಟ್ ಕಾರಿನಲ್ಲಿ 410 ಘನ ಇಂಚು, ಅಂದರೆ ಸುಮಾರು 6.7 ಲೀಟರ್‌ನ ವಿ-8 ಇಂಜಿನ್ ಮೆಥನಾಲ್ ಕುಡಿದು 900 ಎಚ್‌ಪಿ ಆಸುಪಾಸು ಶಕ್ತಿ ಕೊಡುತ್ತದೆ. ಅಂಥ ಇಂಜಿನ್ ಕಟ್ಟಿಸಲು ಸಣ್ಣ ಊರಿನ ಹವ್ಯಾಸಿಗೆ ಆಗುತ್ತದೆಯೇ? ಆಗದು ಎಂದೇ ಅಲ್ಲಿ 360 ಘನ ಇಂಚಿನ (5.9 ಲೀಟರ್) ವರ್ಗವೂ, ಇನ್ನೂ ಕೆಳಗೆ 305 ಘನ ಇಂಚಿನ (5 ಲೀಟರ್) ವರ್ಗವೂ ಹುಟ್ಟಿಕೊಂಡವು. 305ರ ವರ್ಗದಲ್ಲಿ ಯಾವ ಭಾಗ ಹಾಕಬಹುದು, ಯಾವುದನ್ನು ಮುಟ್ಟಬಾರದು ಎಂಬುದಕ್ಕೆಲ್ಲ ಕಟ್ಟುಪಾಡು. ಖರ್ಚು ಇಳಿದರೆ ಮೈದಾನಕ್ಕೆ ಬರುವ ಗಾಡಿಗಳು ಹೆಚ್ಚುತ್ತವೆ ಎಂಬ ನೇರ ಲೆಕ್ಕ ಅದು. ಅಲ್ಲಿನ ಬೇರೆ ಕೆಲವು ಮಣ್ಣಿನ ಓಟಗಳಲ್ಲಿ ಕಾರ್ಖಾನೆಯೇ ವಿಶೇಷ ಬೋಲ್ಟಿನಿಂದ ಸೀಲ್ ಮಾಡಿ ಕೊಟ್ಟ ಇಂಜಿನ್ನನ್ನೇ ಎಲ್ಲರೂ ಓಡಿಸಬೇಕು.

ನಮ್ಮಲ್ಲಿ ಆ ವಿಂಗಡಣೆ ಸಿಸಿ ಲೆಕ್ಕದಲ್ಲಿ ನಡೆಯುತ್ತದೆ. 800 ಸಿಸಿವರೆಗೆ, 1100ವರೆಗೆ, 1400ವರೆಗೆ, 1650ವರೆಗೆ, ಆಮೇಲೆ ಓಪನ್, ಮಹಿಳೆಯರ ವಿಭಾಗ, ಹೊಸಬರ ವಿಭಾಗ. ಹೆಚ್ಚುಕಡಿಮೆ ಹೀಗೆ. ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳುವ ಎಫ್‌ಎಮ್‌ಎಸ್‌ಸಿಐ 1971ರಲ್ಲಿ ಹುಟ್ಟಿದ ಸಂಸ್ಥೆ. ಓಡಿಸಲು ಅದರ ಲೈಸೆನ್ಸ್ ಬೇಕು. ಅದರ ನಿಯಮಾವಳಿಯ ಜೊತೆಗೆ ಪ್ರತಿ ಸ್ಪರ್ಧೆಗೂ ಆಯೋಜಕರು ಒಂದು ಪೂರಕ ನಿಯಮ ಪುಸ್ತಕ ಕೊಡುತ್ತಾರೆ. ಎರಡನ್ನೂ ಓದಬೇಕು.

ಹೇಳದಿದ್ದರೆ ಇಲ್ಲ

ಓದುವುದಕ್ಕೂ ಒಂದು ಕ್ರಮವಿದೆ. ಹೊಸಬರು "ಇದನ್ನು ಮಾಡಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ" ಎಂದು ವಾದಿಸುತ್ತಾರೆ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಗ್ರೂಪ್ ಎನ್ ನಿಯಮದ ಮೂಲ ಮಾತು ಇದಕ್ಕೆ ನೇರ ವಿರುದ್ಧ: ಮಾಡಬಹುದು ಎಂದು ಸ್ಪಷ್ಟವಾಗಿ ಹೇಳದ ಬದಲಾವಣೆಗಳೆಲ್ಲ ನಿಷಿದ್ಧ. ಹಾಗಾಗಿ ಪುಸ್ತಕ ಕೈಗೆ ಬಂದ ಕೂಡಲೇ ನಾನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯುತ್ತೇನೆ. ಮೊದಲನೆಯದು, ಕಂಪನಿ ಕೊಟ್ಟ ಹಾಗೇ ಇರಬೇಕಾದ ಭಾಗ. ಎರಡನೆಯದು, ಇಷ್ಟರವರೆಗೆ ಎಂದು ಅಳತೆಯ ಮಿತಿ ಇರುವ ಭಾಗ. ಮೂರನೆಯದು, ನಮ್ಮ ಇಷ್ಟಕ್ಕೆ ಬಿಟ್ಟದ್ದು.

ಇದರ ಜೊತೆಗೆ ಹೋಮೊಲೊಗೇಶನ್ ಫಾರ್ಮ್ ಎಂಬ ದಾಖಲೆ ಇರುತ್ತದೆ. ಆ ಮಾದರಿಯ ಕಾರಿನ ಜಾತಕ ಅದು. ಬೋರ್ ಎಷ್ಟು, ಸ್ಟ್ರೋಕ್ ಎಷ್ಟು, ವಾಲ್ವ್ ಎಷ್ಟು ದೊಡ್ಡದು, ದಹನ ಕೋಣೆಯ ಗಾತ್ರ ಕನಿಷ್ಠ ಎಷ್ಟಿರಬೇಕು, ಎಲ್ಲ ಬರೆದಿರುತ್ತದೆ. ಪರೀಕ್ಷಕರು ಅಳೆದು ನೋಡುವುದು ಈ ಸಂಖ್ಯೆಗಳನ್ನೇ.

ಕಾರ್ಖಾನೆಯಿಂದ ಬಂದ ಯಾವ ಇಂಜಿನ್ನೂ ಈ ಸಂಖ್ಯೆಗಳಿಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ಲಕ್ಷಗಟ್ಟಲೆ ಮಾಡುವಾಗ ಪ್ರತಿ ಅಳತೆಯಲ್ಲೂ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆಗೆ ಅವಕಾಶ ಬಿಡಲೇಬೇಕು. ಟಾಲರೆನ್ಸ್ ಎನ್ನುವುದು ಅದನ್ನೇ. ಒಂದು ಪಿಸ್ಟನ್ ತುಸು ಭಾರ, ಒಂದು ಕೋಣೆ ತುಸು ದೊಡ್ಡದು, ಒಂದು ಪೋರ್ಟ್ ತುಸು ವಾರೆ. ಮನೆ ಕಾರಿಗೆ ಇದರಿಂದ ಏನೂ ತೊಂದರೆಯಿಲ್ಲ. ರೇಸಿನ ಇಂಜಿನ್ ಕಟ್ಟುವವನು ಆ ಹೆಚ್ಚುಕಡಿಮೆಯನ್ನೆಲ್ಲ ಹುಡುಕಿ, ನಾಲ್ಕೂ ಸಿಲಿಂಡರನ್ನು ನಿಯಮ ಒಪ್ಪುವ ಅತ್ಯುತ್ತಮ ಅಳತೆಗೆ ತಂದು ನಿಲ್ಲಿಸುತ್ತಾನೆ. ಬ್ಲೂಪ್ರಿಂಟಿಂಗ್ ಎಂದು ಇದಕ್ಕೆ ಹೆಸರು. ಮಿತಿಯೊಳಗಿನ ಇಂಜಿನ್ ಕಟ್ಟುವ ವಿದ್ಯೆಯ ಮುಕ್ಕಾಲು ಪಾಲು ಇಷ್ಟೇ.

ಎಸ್ಟೀಮ್‌ನ ಬ್ಲಾಕ್

ಬನಶಂಕರಿಯಲ್ಲಿ ಮನೆ ಇರುವ ಒಬ್ಬ ಹೆಣ್ಣುಮಗಳು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. 1400 ಸಿಸಿವರೆಗಿನ ವಿಭಾಗಕ್ಕೆಂದು ಹಳೆಯ ಮಾರುತಿ ಎಸ್ಟೀಮ್ ತಂದರು. ಆ ಕೆಲಸವನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ.

ಎಸ್ಟೀಮ್‌ನ 1.3 ಲೀಟರ್ ಇಂಜಿನ್‌ಗೆ ನಮ್ಮ ರೇಸಿನ ಲೋಕದಲ್ಲಿ ವಿಶೇಷ ಮರ್ಯಾದೆ. ಅಲ್ಯೂಮಿನಿಯಂ ಬ್ಲಾಕ್, ಹಗುರ. ಬೋರ್ 74 ಮಿಲಿಮೀಟರ್, ಸ್ಟ್ರೋಕ್ 75.5. ಲೆಕ್ಕ ಹಾಕಿದರೆ ಸಿಲಿಂಡರ್ ಒಂದಕ್ಕೆ 324.7 ಸಿಸಿ, ನಾಲ್ಕಕ್ಕೆ ಸೇರಿ 1298. ಹದಿನಾರು ವಾಲ್ವ್‌ನ ಎಂಪಿಎಫ್‌ಐ ಮಾದರಿ ಕಂಪನಿ ಲೆಕ್ಕದಲ್ಲಿ 85 ಎಚ್‌ಪಿ ಕೊಡುತ್ತಿತ್ತು. ಇದೇ ಕುಟುಂಬದ ಇಂಜಿನ್ ಜಿಪ್ಸಿಯಲ್ಲೂ ಇತ್ತು. ಎಲ್‌ಜಿಬಿ ಫಾರ್ಮುಲಾ ರೇಸ್ ಕಾರುಗಳಿಗೂ ಮಾರುತಿಯ 1.3 ಲೀಟರ್ ಇಂಜಿನ್ನೇ ಉಸಿರು. ಸ್ಪೇರ್ ಇನ್ನೂ ಸಿಗುತ್ತದೆ. ಜೆ.ಸಿ. ರೋಡಿನಲ್ಲಿ ಸುತ್ತಿದರೆ ಗ್ಯಾಸ್ಕೆಟ್, ಬೇರಿಂಗ್, ರಿಂಗ್ ಸೆಟ್, ಓವರ್‌ಸೈಜ್ ಪಿಸ್ಟನ್ ಹೊಂದಿಸಬಹುದು. ಹವ್ಯಾಸಿಗೆ ಇಂಜಿನ್ ಆರಿಸುವಾಗ ಶಕ್ತಿಗಿಂತ ಮೊದಲು ಇದನ್ನು ನೋಡಬೇಕು. ಭಾಗ ಸಿಗದ ಇಂಜಿನ್ ಒಂದು ಸೀಸನ್ನೂ ಬಾಳುವುದಿಲ್ಲ.

ಬಿಚ್ಚಿ, ತೊಳೆದು, ಮೊದಲು ಅಳತೆ. ಡಯಲ್ ಬೋರ್ ಗೇಜ್ ಇಳಿಸಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆದು ಬರೆದಿಟ್ಟೆವು. ಸವೆದ ಸಿಲಿಂಡರ್ ಮೇಲ್ಗಡೆ ಅಗಲ, ಕೆಳಗಡೆ ಬಿಗಿ. ವೃತ್ತವಾಗಿರಬೇಕಾದದ್ದು ಅಂಡಾಕಾರಕ್ಕೆ ತಿರುಗಿರುತ್ತದೆ. ಅರ್ಧ ಮಿಲಿಮೀಟರ್ ಓವರ್‌ಸೈಜ್‌ಗೆ ಬೋರ್ ಮಾಡುವುದೆಂದು ತೀರ್ಮಾನವಾಯಿತು. ಎಫ್‌ಐಎಯ ಗ್ರೂಪ್ ಎ ನಿಯಮದಲ್ಲೂ ಮೂಲ ಬೋರಿಗಿಂತ 0.6 ಮಿಲಿಮೀಟರ್‌ವರೆಗೆ ಹೆಚ್ಚಿಸಬಹುದು, ಸಿಸಿ ವರ್ಗದ ಗಡಿ ದಾಟದಿದ್ದರೆ. ನಮ್ಮದು 74.5ಕ್ಕೆ ಬಂದು ಒಟ್ಟು 1316 ಸಿಸಿ ಆಯಿತು. 1400ರ ಗಡಿ ದೂರವೇ ಇತ್ತು.

ಹೋನಿಂಗ್ ಮಾಡುವಾಗ ಬ್ಲಾಕಿನ ಮೇಲೆ ಟಾರ್ಕ್ ಪ್ಲೇಟ್ ಎನ್ನುವ ದಪ್ಪ ಉಕ್ಕಿನ ಪ್ಲೇಟೊಂದನ್ನು ಹೆಡ್ ಬೋಲ್ಟಿನಷ್ಟೇ ಬಿಗಿಯಾಗಿ ಕಟ್ಟುತ್ತೇನೆ. ಹೆಡ್ ಕೂರಿಸಿ ಬಿಗಿದಾಗ ಬ್ಲಾಕ್ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗುತ್ತದೆ. ಬಿಡಿಯಾಗಿದ್ದಾಗ ದುಂಡಗೆ ಹೋನ್ ಮಾಡಿದ್ದು ಬಿಗಿದ ಮೇಲೆ ದುಂಡಗಿರುವುದಿಲ್ಲ. ಪ್ಲೇಟ್ ಕಟ್ಟಿ ಹೋನ್ ಮಾಡಿದರೆ ಓಡುವಾಗಿನ ಆಕಾರದಲ್ಲೇ ದುಂಡಗಾಗುತ್ತದೆ. ಆಗ ರಿಂಗ್ ಸುತ್ತಲೂ ಒಂದೇ ಸಮ ಕೂರುತ್ತದೆ, ಒತ್ತಡ ಸೋರುವುದಿಲ್ಲ. ಈ ಪ್ಲೇಟಿನ ಮೇಲೆ ಯಾವ ನಿಯಮವೂ ಇಲ್ಲ. ಅದು ಇಂಜಿನ್ನಿನ ಭಾಗವಲ್ಲ, ಕೆಲಸದ ಕ್ರಮ.

ರಿಂಗಿನ ತುದಿಗಳ ನಡುವಿನ ಸಂದಿಗೆ ಒಂದು ಹಳೆಯ ಅಂದಾಜಿದೆ: ಬೋರಿನ ಪ್ರತಿ 25 ಮಿಲಿಮೀಟರಿಗೆ 0.1 ಮಿಲಿಮೀಟರ್. ನಮ್ಮದಕ್ಕೆ 0.3 ಆಸುಪಾಸು. ಸಂದಿ ಕಡಿಮೆಯಾದರೆ ಕಾದು ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿ ಸಿಲಿಂಡರ್ ಗೋಡೆಯನ್ನು ಗೀರುತ್ತವೆ. ಹೆಚ್ಚಾದರೆ ಅನಿಲ ಕೆಳಗೆ ಸೋರುತ್ತದೆ. ಪ್ರತಿ ರಿಂಗನ್ನೂ ಅದರದೇ ಸಿಲಿಂಡರಿನಲ್ಲಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ, ಬೇಕಾದಷ್ಟೇ ಅರ ಹಾಕಬೇಕು.

ಬ್ಯೂರೆಟ್ ಹಿಡಿದ ಲೆಕ್ಚರರ್

ದಹನ ಕೋಣೆಯ ಗಾತ್ರ ಅಳೆಯುವ ದಿನ ಆಕೆ ಮನೆಯಿಂದ ತಮ್ಮದೇ ಬ್ಯೂರೆಟ್ ತಂದಿದ್ದರು. ಹೆಡ್ಡನ್ನು ಮಗುಚಿ ಇಟ್ಟು, ಸ್ಪಾರ್ಕ್ ಪ್ಲಗ್ ಹಾಕಿ, ವಾಲ್ವ್ ಮುಚ್ಚಿ, ಕೋಣೆಯ ಬಾಯಿಗೆ ಗ್ರೀಸ್ ಹಚ್ಚಿ, ನಡುವೆ ತೂತಿರುವ ಅಕ್ರಿಲಿಕ್ ಹಾಳೆ ಅಂಟಿಸಬೇಕು. ಆ ತೂತಿನಲ್ಲಿ ಬ್ಯೂರೆಟ್‌ನಿಂದ ಸೀಮೆಎಣ್ಣೆ ಬಿಡುತ್ತಾ ಹೋಗಿ, ಒಳಗಿನ ಕೊನೆಯ ಗುಳ್ಳೆ ಹೋದಾಗ ಎಷ್ಟು ಇಳಿದಿದೆ ಎಂದು ಓದಬೇಕು. "ಅಂಕಲ್, ಕಣ್ಣು ದ್ರವದ ಮಟ್ಟಕ್ಕೇ ಇರಬೇಕು, ಮೇಲಿಂದ ನೋಡಿದ್ರೆ ರೀಡಿಂಗ್ ತಪ್ಪುತ್ತೆ" ಎಂದು ನನ್ನ ಹುಡುಗನಿಗೂ ನನಗೂ ಪಾಠ ಹೇಳಿದರು. ಆ ದಿನ ಬ್ಯೂರೆಟ್ ಓದುವ ಕೆಲಸವೆಲ್ಲ ಅವರಿಗೇ ಬಿಟ್ಟೆ.

ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ತಲೆಯ ತಗ್ಗು ಎಲ್ಲ ಸೇರಿಸಿ ನಾಲ್ಕು ಕೋಣೆಗಳ ಗಾತ್ರ 39.6, 38.9, 39.2, 38.4 ಸಿಸಿ ಬಂತು. ಕಂಪ್ರೆಷನ್ ರೇಷಿಯೊ ಎಂದರೆ ಪಿಸ್ಟನ್ ಕೆಳಗಿರುವಾಗಿನ ಒಟ್ಟು ಜಾಗವನ್ನು ಪಿಸ್ಟನ್ ಮೇಲಿರುವಾಗ ಉಳಿಯುವ ಜಾಗದಿಂದ ಭಾಗಿಸಿದ್ದು. ಮೂಲ ಬೋರಿನ 324.7 ಸಿಸಿಗೇ ಲೆಕ್ಕ ಹಾಕಿದರೂ ಮೊದಲ ಸಿಲಿಂಡರ್‌ನಲ್ಲಿ 9.2, ನಾಲ್ಕನೆಯದರಲ್ಲಿ 9.46. ಒಂದೇ ಇಂಜಿನ್ನಿನೊಳಗೆ ನಾಲ್ಕು ಬೇರೆ ಬೇರೆ ಇಂಜಿನ್ ಓಡುತ್ತಿದ್ದ ಹಾಗಾಯಿತು. ಒಂದೇ ಪಾವಿನಲ್ಲಿ ನಾಲ್ಕು ತಟ್ಟೆಗೂ ಅಳೆದು ಬಡಿಸಿದಂತೆ ನಾಲ್ಕು ಕೋಣೆಗೂ ಸಮ ಗಾತ್ರ ಬರಬೇಕು. ಚಿಕ್ಕ ಕೋಣೆಗಳನ್ನು ಸವರಿ ಅತಿ ದೊಡ್ಡದಕ್ಕೆ ಸಮ ಮಾಡಿಕೊಂಡು, ಆಮೇಲೆ ಹೆಡ್ಡಿನ ಮುಖವನ್ನೇ ಫೇಸಿಂಗ್ ಮಾಡಿ ನಾಲ್ಕನ್ನೂ ಒಟ್ಟಿಗೆ ಫಾರ್ಮಿನ ಕನಿಷ್ಠ ಗಾತ್ರದ ಹತ್ತಿರಕ್ಕೆ ಇಳಿಸಿದೆವು. ಆಕೆ ಓಡಿಸುವ ವಿಭಾಗದ ನಿಯಮ ಇಷ್ಟಕ್ಕೆ ಅವಕಾಶ ಕೊಟ್ಟಿತ್ತು. ಕನಿಷ್ಠಕ್ಕಿಂತ ಕೂದಲೆಳೆ ಮೇಲೆಯೇ ನಿಲ್ಲಿಸಿದೆ. ಪರೀಕ್ಷಕರ ಬ್ಯೂರೆಟ್ಟೂ ನಮ್ಮ ಬ್ಯೂರೆಟ್ಟೂ ಒಂದೇ ಮಾತು ಹೇಳಬೇಕಲ್ಲ.

ಹೆಡ್ಡಿನ ಮುಖ ಸವರಿದಾಗ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗುತ್ತದೆ. ಕ್ಯಾಮ್ ಶಾಫ್ಟ್ ಕ್ರ್ಯಾಂಕಿಗೆ ಅಷ್ಟು ಹತ್ತಿರ ಬರುತ್ತದೆ. ಟೈಮಿಂಗ್ ಬೆಲ್ಟಿನ ಎಳೆಯುವ ಕಡೆಯ ಉದ್ದ ಕಡಿಮೆಯಾಗಿ ಕ್ಯಾಮ್ ಸ್ವಲ್ಪ ತಡವಾಗಿ ತಿರುಗುತ್ತದೆ. ವಾಲ್ವ್ ತೆರೆಯುವ ಹೊತ್ತು ಹಿಂದಕ್ಕೆ ಜಾರಿದರೆ ಕೆಳ ಆರ್‌ಪಿಎಮ್‌ನ ಎಳೆತ ಹೋಗುತ್ತದೆ. ಡಿಗ್ರಿ ಚಕ್ರ ಕಟ್ಟಿ ನೋಡಿ, ನಿಯಮ ಒಪ್ಪುವ ರೀತಿಯಲ್ಲಿ ಅದನ್ನು ಮೊದಲಿನ ಜಾಗಕ್ಕೆ ತರಬೇಕು. ಮಣ್ಣಿನಲ್ಲಿ ಆ ಎಳೆತವೇ ಮುಖ್ಯ. ಸಡಿಲ ಮಣ್ಣಿನ ತಿರುವಿನಿಂದ ಹೊರಬರುವಾಗ ಚಕ್ರಕ್ಕೆ ಹಿಡಿತ ಸಿಗುವುದು ಕಡಿಮೆ. ಅಲ್ಲಿ ಒಮ್ಮೆಲೇ ಸಿಡಿಯುವ ಶಕ್ತಿ ಚಕ್ರವನ್ನು ಸುಮ್ಮನೆ ಸುತ್ತಿಸುತ್ತದೆ. ನಡುವಿನ ಆರ್‌ಪಿಎಮ್‌ನಲ್ಲಿ ಹದವಾಗಿ ಏರುವ ಟಾರ್ಕ್ ಕಾರನ್ನು ಮುಂದಕ್ಕೆ ಒಯ್ಯುತ್ತದೆ.

ವಾಲ್ವ್ ಸೀಟುಗಳನ್ನು ಮೂರು ಕೋನದಲ್ಲಿ ಕತ್ತರಿಸಿದೆ. ವಾಲ್ವ್ ಕೂರುವ ಜಾಗ 45 ಡಿಗ್ರಿ, ಅದರ ಒಂದು ಬದಿ 30, ಇನ್ನೊಂದು ಬದಿ 60. ಗಾಳಿ ಚೂಪಾದ ಅಂಚಿಗೆ ಬಡಿದು ಸುಳಿಯಾಗದೆ ಬಾಗಿ ಒಳಗೆ ಹೋಗುತ್ತದೆ. ವಾಲ್ವ್ ದೊಡ್ಡದು ಮಾಡಲಿಲ್ಲ, ಕ್ಯಾಮ್ ಬದಲಿಸಲಿಲ್ಲ. ಎರಡೂ ನಮ್ಮ ಮೊದಲ ಕಾಲಮಿನಲ್ಲಿದ್ದವು.

ಒಂದು ಗ್ರಾಂನ ಭಾರ

ಪಿಸ್ಟನ್, ಪಿನ್ನು, ಕನೆಕ್ಟಿಂಗ್ ರಾಡ್‌ಗಳನ್ನು ತೂಗಿ ನಾಲ್ಕೂ ಸೆಟ್ ಒಂದು ಗ್ರಾಂ ಒಳಗೆ ಸರಿಹೊಂದುವಂತೆ ಮಾಡಿದೆವು. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಇಷ್ಟು ಕಷ್ಟವೇಕೆ ಎಂದು ನನ್ನ ಹೊಸ ಹುಡುಗ ಕೇಳಿದ. ಲೆಕ್ಕ ಮಾಡಿ ತೋರಿಸಿದೆ. 7000 ಆರ್‌ಪಿಎಮ್‌ನಲ್ಲಿ ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತು ದಿಕ್ಕು ಬದಲಿಸುವಾಗಿನ ವೇಗೋತ್ಕರ್ಷ ಭೂಮಿಯ ಗುರುತ್ವದ ಎರಡು ಸಾವಿರ ಪಟ್ಟಿಗೂ ಹೆಚ್ಚು. ಅಂದರೆ ಹೆಚ್ಚುವರಿ ಒಂದು ಗ್ರಾಂ ಆ ಕ್ಷಣದಲ್ಲಿ ಎರಡು ಕಿಲೋಗೂ ಮೀರಿದ ಭಾರವಾಗಿ ಬೇರಿಂಗನ್ನು ಎಳೆಯುತ್ತದೆ, ನಿಮಿಷಕ್ಕೆ 7000 ಸಲ. ಬೇರಿಂಗ್ ಬೇಗ ಸೋಲುವುದಕ್ಕೆ ಇಂಥ ಗ್ರಾಂಗಳೇ ಕಾರಣ.

ಬೆಂಗಳೂರಿನ ಗಾಳಿ, ಮಂಗಳೂರಿನ ಗಾಳಿ

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಎಳೆದುಕೊಳ್ಳುವ ಗಾಳಿಯೂ ಅಷ್ಟೇ ಕಡಿಮೆ, ಶಕ್ತಿಯೂ ಅಷ್ಟೇ ಕಡಿಮೆ. 85 ಎಚ್‌ಪಿ ಎಂದು ಬರೆದ ಇಂಜಿನ್ ಜೆ.ಪಿ. ನಗರದಲ್ಲಿ 76–77ರ ಆಸುಪಾಸು ಕೊಟ್ಟರೆ ಅದು ಇಂಜಿನ್ನಿನ ದೋಷವಲ್ಲ. ಇದರ ಇನ್ನೊಂದು ಮುಖವನ್ನು ಹೊಸಬರು ಗಮನಿಸಬೇಕು. ಇಲ್ಲಿನ ತೆಳು ಗಾಳಿಯಲ್ಲಿ ಏರಿಸಿದ ಕಂಪ್ರೆಷನ್ ಸುಖವಾಗಿ ನಡೆಯುತ್ತದೆ. ಅದೇ ಇಂಜಿನ್ನನ್ನು ಘಾಟಿ ಇಳಿಸಿ ಮಂಗಳೂರಿನ ಸೆಖೆಗೆ ಒಯ್ದರೆ ಗಾಳಿ ಹೆಚ್ಚು ತುಂಬಿ, ಬಿಸಿಯೂ ಸೇರಿ, ಪೆಟ್ರೋಲ್ ಸಮಯಕ್ಕೆ ಮೊದಲೇ ಸಿಡಿಯಲು ಶುರುವಾಗುತ್ತದೆ. ಟಣಟಣ ಎನ್ನುವ ಆ ನಾಕಿಂಗ್ ಪಿಸ್ಟನ್ನಿನ ತಲೆಯನ್ನೇ ತಿಂದುಹಾಕುತ್ತದೆ. ಕರ್ನಾಟಕದಲ್ಲಿ ಮಣ್ಣಿನ ಓಟದ ಇಂಜಿನ್ ಕಟ್ಟುವವನು ಕರಾವಳಿಯ ಲೆಕ್ಕವನ್ನೂ ಇಟ್ಟುಕೊಂಡೇ ಕಂಪ್ರೆಷನ್ ತೀರ್ಮಾನಿಸಬೇಕು.

ಈಗ ಇಂಧನವೂ ಬದಲಾಗಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ-20 ಪೆಟ್ರೋಲ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿಯ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಪೂರ್ತಿ ಉರಿಯಲು ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲಿಗೆ ಸುಮಾರು 9 ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಇ-20 ಹೆಚ್ಚು ಸುರಿಯಬೇಕು. ಹಳೆಯ ಎಸ್ಟೀಮ್‌ಗೆ ಇಂಜೆಕ್ಟರ್ ಶುಚಿ ಮಾಡಿಸಿ, ಎಥನಾಲ್ ತಡೆಯುವ ಹೊಸ ಇಂಧನ ಪೈಪುಗಳನ್ನು ಹಾಕಿದೆವು. ಎಥನಾಲಿಗೆ ನಾಕಿಂಗ್ ತಡೆಯುವ ಗುಣ ಚೆನ್ನಾಗಿದೆ. ಆವಿಯಾಗುವಾಗ ಒಳಗಿನ ಬಿಸಿಯನ್ನೂ ಹೀರುತ್ತದೆ. ಅಮೆರಿಕದ ಸ್ಪ್ರಿಂಟ್ ಕಾರುಗಳು ಮೆಥನಾಲ್ ಸುಡುವುದಕ್ಕೂ ಇಂಥದೇ ಕಾರಣ.

ಧೂಳು ಮತ್ತು ಎಣ್ಣೆ

ಡಾಂಬರಿನ ರೇಸಿಗೂ ಮಣ್ಣಿನ ಓಟಕ್ಕೂ ಇಂಜಿನ್ ಕಟ್ಟುವಲ್ಲಿ ದೊಡ್ಡ ವ್ಯತ್ಯಾಸ ಇಲ್ಲಿದೆ. ನಮ್ಮ ಕೆಂಪು ಧೂಳಿನಲ್ಲಿ ಸಿಲಿಕಾ ಕಣಗಳಿವೆ, ಉಕ್ಕನ್ನು ಉಜ್ಜುವಷ್ಟು ಗಟ್ಟಿ. ಫಿಲ್ಟರಿನ ಪಕ್ಕದಲ್ಲಿ ಒಂದು ಸಣ್ಣ ಸಂದಿ ಇದ್ದರೂ ಮೈಕ್ರಾನ್ ಲೆಕ್ಕದಲ್ಲಿ ಹೋನ್ ಮಾಡಿದ ಗೋಡೆ ಒಂದೇ ವಾರಾಂತ್ಯಕ್ಕೆ ಸವೆಯುತ್ತದೆ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್ ಹಾಕಿ, ಗಾಳಿ ಎಳೆಯುವ ಬಾಯನ್ನು ಚಕ್ರದ ಕೆಸರಿನಿಂದ ದೂರ ಎತ್ತರಕ್ಕೆ ಒಯ್ದು, ಪ್ರತಿ ಜೋಡಣೆಗೂ ಕ್ಲಿಪ್ ಬಿಗಿದೆವು.

ಎರಡನೆಯದು ಎಣ್ಣೆ. ಉದ್ದನೆಯ ಅಡ್ಡಜಾರಿಕೆಯಲ್ಲಿ ಸಂಪಿನ ಎಣ್ಣೆಯೆಲ್ಲ ಒಂದು ಬದಿಗೆ ಹೋಗಿ ನಿಲ್ಲುತ್ತದೆ. ಪಂಪ್ ಒಂದು ಸೆಕೆಂಡ್ ಗಾಳಿ ಎಳೆದರೂ ಕ್ರ್ಯಾಂಕ್ ಬೇರಿಂಗ್ ಒಣಗುತ್ತದೆ. ಸಂಪಿನೊಳಗೆ ಅಡ್ಡ ತಗಡು ಬೆಸೆದು ಎಣ್ಣೆ ಪಂಪಿನ ಬಾಯಿಯ ಸುತ್ತ ನಿಲ್ಲುವಂತೆ ಮಾಡಿದೆ. ಕೆಳಗೆ ಕಲ್ಲು ಬಡಿಯದಂತೆ ಗಾರ್ಡ್ ಹಾಕಿದೆ. ಮೂರನೆಯದು ಬಿಸಿ. ಆಟೋಕ್ರಾಸ್‌ನಲ್ಲಿ ಕಾರು ಕೆಲವೇ ನಿಮಿಷ ಪೂರ್ಣ ದಮ್ಮಿನಲ್ಲಿ ಓಡಿ ಆಮೇಲೆ ಬಿಸಿಲಲ್ಲಿ ನಿಲ್ಲುತ್ತದೆ. ಓಡಿ ಬಂದ ಕೂಡಲೇ ಆಫ್ ಮಾಡಬೇಡಮ್ಮ, ಫ್ಯಾನ್ ತಿರುಗಲಿ, ನೀರು ಸುತ್ತಲಿ, ರೇಡಿಯೇಟರ್ ಜಾಲರಿಗೆ ಮೆತ್ತಿದ ಮಣ್ಣು ತೆಗಿ ಎಂದು ಹೇಳಿ ಕಳಿಸಿದೆ. ಈ ಮೂರೂ ಕೆಲಸ ಒಂದೇ ಒಂದು ಎಚ್‌ಪಿ ಹೆಚ್ಚಿಸುವುದಿಲ್ಲ. ಇರುವ ಎಚ್‌ಪಿ ಕೊನೆಯ ಓಟದವರೆಗೆ ಉಳಿಯುವುದು ಮಾತ್ರ ಇವುಗಳಿಂದಲೇ.

ಸೀಲ್ ಬಿದ್ದ ಮೇಲೆ

ಸ್ಪರ್ಧೆಗೆ ಮೊದಲು ಪರೀಕ್ಷಕರು ಬೋಲ್ಟಿನ ತೂತುಗಳಲ್ಲಿ ತಂತಿ ಪೋಣಿಸಿ ಸೀಲ್ ಒತ್ತಬಹುದು. ಮುಗಿದ ಮೇಲೆ ಗೆದ್ದ ಕಾರುಗಳನ್ನು ಯಾರೂ ಮುಟ್ಟದಂತೆ ಒಂದು ಕಡೆ ನಿಲ್ಲಿಸಿ, ಬೇಕಾದದ್ದನ್ನು ಬಿಚ್ಚಿಸಿ ಅಳೆಯುತ್ತಾರೆ. ಬೇರೊಬ್ಬ ಸ್ಪರ್ಧಿ ಶುಲ್ಕ ಕಟ್ಟಿ ಪ್ರೊಟೆಸ್ಟ್ ಕೂಡ ಹಾಕಬಹುದು. ದೂರು ನಿಜವಾದರೆ ಶುಲ್ಕ ವಾಪಸು. ಈ ವ್ಯವಸ್ಥೆಯ ಬಗ್ಗೆ ಕೆಲವರಿಗೆ ಕೋಪ. ನನಗೆ ಗೌರವ. ತೆರೆದು ತೋರಿಸಲು ಹೆದರಬೇಕಾಗದ ಇಂಜಿನ್ ಕಟ್ಟುವುದೇ ಈ ಕಸುಬಿನ ಮಾನ.

ಲೆಕ್ಚರರ್ ಅವರ ಎಸ್ಟೀಮ್ ತಾನು ಓಡಿದ ಸ್ಪರ್ಧೆಯಲ್ಲಿ ಎಲ್ಲ ಸುತ್ತನ್ನೂ ಮುಗಿಸಿತು. ಸುತ್ತಿನಿಂದ ಸುತ್ತಿಗೆ ಇಂಜಿನ್ ಒಂದೇ ರೀತಿ ಎಳೆಯುತ್ತಿತ್ತು. "ಅಂಕಲ್, ಈಗ ಟೈಮ್ ಜಾಸ್ತಿ ಆದ್ರೆ ತಪ್ಪು ನನ್ನದೇ ಅಂತ ಗೊತ್ತಾಗತ್ತೆ, ಎಲ್ಲಿ ಬ್ರೇಕ್ ಹಾಕಿದೆ ಅಂತ ಯೋಚಿಸಬಹುದು" ಎಂದರು. ಹವ್ಯಾಸಿಗೆ ಬೇಕಾದ ಇಂಜಿನ್ನಿನ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಇಂದು ಒಂದು ಥರ, ನಾಳೆ ಒಂದು ಥರ ಓಡುವ ಇಂಜಿನ್ನಿನಿಂದ ಚಾಲಕ ಏನನ್ನೂ ಕಲಿಯುವುದಿಲ್ಲ.

ಮಿತಿ ಬೆಳೆಸಿದವರು

ಮಿತಿ ಹಾಕಿದರೆ ಕ್ರೀಡೆ ಕುಬ್ಜವಾಗುತ್ತದೆ ಎನ್ನುವವರಿಗೆ ನಮ್ಮ ನೆರೆಯ ಊರಿನ ಉದಾಹರಣೆ ಕೊಡುತ್ತೇನೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದರು. ಮನೆಮನೆಯ ಕಾರಿನ ಆ ಪುಟ್ಟ ಇಂಜಿನ್ನಿನ ರೇಸ್ ಕಾರಿನಲ್ಲಿ ಕೂತು ರೇಸ್ ಶುರುಮಾಡಿದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು.

ನಮ್ಮ ಮೈಸೂರು ರಸ್ತೆಯ ಆರ್‌.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಹೋದ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯನ್ನು ನೋಡಿ. ಅಲ್ಲಿ ಪೆಟ್ರೋಲ್ ಇಂಜಿನ್ 710 ಸಿಸಿ ದಾಟುವಂತಿಲ್ಲ. ಒಳಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ತೂತಿನಿಂದ ಹೋಗಬೇಕು. ಆ ತೂತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಇಂಜಿನ್ ಎಷ್ಟು ಎಳೆದರೂ ಹೆಚ್ಚು ಗಾಳಿ ಬರುವುದಿಲ್ಲ. ವಿಶ್ವ ರ‍್ಯಾಲಿಯ ರ‍್ಯಾಲಿ-2 ವರ್ಗದ ಟರ್ಬೊ ಕಾರುಗಳಿಗೂ 32 ಮಿಲಿಮೀಟರಿನ ಇಂಥದೇ ಕಟ್ಟುಪಾಡು. ತೂತು ದೊಡ್ಡದು ಮಾಡಲಾಗದು ಎಂದಾದಾಗಲೇ ವಿದ್ಯಾರ್ಥಿಗಳು ಗಾಳಿಯ ದಾರಿಯ ಆಕಾರ, ಅದರ ಹಿಂದಿನ ಗಾಳಿಪೆಟ್ಟಿಗೆಯ ಗಾತ್ರ, ಪೈಪಿನ ಉದ್ದ ಇವನ್ನೆಲ್ಲ ಆಳವಾಗಿ ಕಲಿಯುತ್ತಾರೆ.

ಆದ್ದರಿಂದ ನಮ್ಮ ಕ್ಲಬ್ಬುಗಳನ್ನು ನಾನು ಕೇಳಿಕೊಳ್ಳುವುದು ಒಂದೇ. ಕರ್ನಾಟಕದ ಮಣ್ಣಿನ ಓಟಗಳಲ್ಲಿ ಒಂದು ವಿಭಾಗವನ್ನಾದರೂ ಹೊಸಬರಿಗೆಂದು ಬಿಗಿಯಾಗಿ ಕಟ್ಟಿ. ಒಂದೇ ಬಗೆಯ ಹಳೆಯ ಇಂಜಿನ್, ಕಂಪನಿಯ ಕ್ಯಾಮ್, ಕಂಪನಿಯ ವಾಲ್ವ್, ಪಂಪಿನ ಪೆಟ್ರೋಲ್, ಸೀಸನ್ನಿನ ಆರಂಭದಲ್ಲೇ ಅಳೆದು ಸೀಲ್. ನಿಯಮವನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ, ಹಾಸನದ ಮೆಕ್ಯಾನಿಕ್ಕೂ ಶಿವಮೊಗ್ಗದ ಐಟಿಐ ಹುಡುಗನೂ ಓದಿಕೊಳ್ಳಲಿ. ಅಳತೆ ತೆಗೆಯುವುದನ್ನು ಕಲಿಯಬೇಕೆನ್ನುವ ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳಿಗೆ ನನ್ನ ಬೋರ್ ಗೇಜು, ಟಾರ್ಕ್ ಪ್ಲೇಟು, ಬ್ಯೂರೆಟ್ಟು ಬಳಸಲು ಕೊಡುತ್ತೇನೆ, ಶುಲ್ಕ ಬೇಡ. ಬರುವಾಗ ನೋಟ್‌ಬುಕ್ ತರಲಿ, ಅಳೆದ ಪ್ರತಿ ಸಂಖ್ಯೆಯನ್ನೂ ಬರೆದಿಡಲಿ. ದುಡ್ಡು ಕಡಿಮೆ ಇರುವವರು ಈ ಕ್ರೀಡೆಯಲ್ಲಿ ಮುಂದೆ ಬರುವುದಿದ್ದರೆ ಆ ಸಂಖ್ಯೆಗಳ ಬಲದಿಂದಲೇ ಬರುತ್ತಾರೆ.